ಆರುನೂರು ಎಂಬಿ ಕೇಳಿದವರಿಗೆ ಮುನ್ನೂರು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಕೂತಾಗಲೆಲ್ಲ ಏನಾದರೊಂದು ಕೆಲಸ ಅಡ್ಡ ಬರುತ್ತಿತ್ತು. ಬಾಡಿಗೆಯವರ ಮನೆಯ ಬೀಗ ಕೆಟ್ಟಿದೆ, ಯಾರದೋ ಗೃಹಪ್ರವೇಶಕ್ಕೆ ಹೋಗಬೇಕು, ಮೇಲಿನ ಟ್ಯಾಂಕ್ ತುಂಬುವ ಹೊತ್ತಿಗೆ ಮೋಟಾರು ನಿಲ್ಲಿಸಬೇಕು. ಈಚೆಗೆ ಮೋಟಾರು ತಾನಾಗಿಯೇ ನಿಲ್ಲುವಂತೆ ಅಳಿಯ ಏನೋ ಜೋಡಿಸಿಕೊಟ್ಟಿದ್ದಾನೆ. ಆ ನೆಪವೂ ಹೋದ ಮೇಲೆ ಬರೆಯದೆ ಬೇರೆ ದಾರಿ ಉಳಿಯಲಿಲ್ಲ.

1998ರ ಮಾತು. ಆಗ ನಾನು ಶಿವಾಜಿನಗರದ ಒಂದು ಆಟೋಮೊಬೈಲ್ ಬಿಡಿಭಾಗಗಳ ಸಗಟು ಅಂಗಡಿಯಲ್ಲಿ ಸ್ಟೋರ್ಸ್ ಇನ್‌ಚಾರ್ಜ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಪ್ಯಾಕಿಂಗ್ ಕೆಲಸಕ್ಕೆ ಸೇರಿದವನು ಇಪ್ಪತ್ತು ವರ್ಷದಲ್ಲಿ ಗೋಡೌನಿನ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಮೇಲೆ ಬಂದಿದ್ದೆ. ಯಜಮಾನರು ಗಫಾರ್ ಸಾಹೇಬರು. ಹಲಸೂರಿನಲ್ಲೊಂದು, ಕೆ.ಆರ್. ಪುರದಲ್ಲೊಂದು ನಮ್ಮ ಕೌಂಟರುಗಳಿದ್ದವು. ಅವೆರಡಕ್ಕೂ ಮಾಲು ಹೋಗುತ್ತಿದ್ದದ್ದು ನನ್ನ ಕೈಯಿಂದ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅದನ್ನು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಬಳಿ ಯಾರು ಏನು ಕೇಳಿದರೂ ನಾನು ಅದರಲ್ಲಿ ಅರ್ಧ ಕೊಡುತ್ತಿದ್ದೆ. ಅದು ಎಲ್ಲರಿಗೂ ಗೊತ್ತಿದ್ದದ್ದರಿಂದ ಎಲ್ಲರೂ ಬೇಕಾದ್ದರ ಎರಡರಷ್ಟು ಕೇಳುತ್ತಿದ್ದರು. ಹಲಸೂರು ಕೌಂಟರಿನ ಸೆಲ್ವಂಗೆ ಹತ್ತು ಸೆಟ್ ಬ್ರೇಕ್ ಶೂ ಬೇಕಿದ್ದರೆ ಇಪ್ಪತ್ತು ಎನ್ನುವನು. ನಾನು ಹತ್ತು ಕೊಡುವೆ. ಅವನು ಅಂಗಡಿಗೆಲ್ಲ ಕೇಳುವಂತೆ ಕೂಗಾಡುವನು. ಕೂಗಾಟವೂ ಪದ್ಧತಿಯ ಭಾಗವೇ.

“ಮುನಿರಾಜಣ್ಣ, ನೀನು ಮನುಷ್ಯನಾ? ಕಸ್ಟಮರ್‌ಗೆ ನಾನು ಏನಂತ ಹೇಳ್ಲಿ?”

“ಹತ್ತು ಸೆಟ್ ಬಂದಿದೆ ಅಂತ ಹೇಳು.”

ಹತ್ತನ್ನು ಹೆಗಲಿಗೇರಿಸಿಕೊಂಡು ಸಿಳ್ಳೆ ಹಾಕುತ್ತಾ ಹೋಗುವನು. ಯಾರಿಗೂ ನಷ್ಟವಿಲ್ಲ. ನಾನು ಬಿಗಿ ಕೈಯವನೆಂದು ಸಾಹೇಬರಿಗೆ ನನ್ನ ಮೇಲೆ ಅಭಿಮಾನ. ಈ ಅಭ್ಯಾಸ ಮನೆಗೂ ಬಂದಿತ್ತು. ನನ್ನ ಹೆಂಡತಿ ಮದುವೆಯಾದ ಎರಡನೇ ವರ್ಷದಿಂದಲೇ ಎರಡು ಕಿಲೋ ಈರುಳ್ಳಿ ಬೇಕಾದರೆ ನಾಲ್ಕು ಎನ್ನುತ್ತಿದ್ದಳಂತೆ. ಇದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಈರುಳ್ಳಿ ನಾಲ್ಕು ಕಿಲೋನೇ ತಂದು ಬೈಸಿಕೊಂಡ ದಿನ.

ಆ ವರ್ಷ ಸಾಹೇಬರು ಒಂದು ಸರ್ವರ್ ಕೊಂಡರು. ಅಲ್ಲಿಯವರೆಗೆ ಒಂದು ಹಳೆಯ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ನಡೆಯುತ್ತಿತ್ತು. ಇನ್ನು ಮೇಲೆ ಬಿಲ್ಲು, ದಾಸ್ತಾನು, ವರ್ಷದ ವರದಿ ಎಲ್ಲ ಈ ಒಂದೇ ಪೆಟ್ಟಿಗೆಯಲ್ಲಿ. ಅಂಗಡಿಯಲ್ಲಿ ಫ್ಯಾನೂ ಬೀಗವೂ ಎರಡೂ ಇದ್ದ ಕೋಣೆ ನನ್ನ ಸ್ಟೋರ್ಸ್ ಮಾತ್ರ. ಹಾಗಾಗಿ ಸರ್ವರ್ ಗ್ಯಾಸ್ಕೆಟ್ ರ‍್ಯಾಕಿನ ಪಕ್ಕ ಬಂದು ಕೂತಿತು. ಅದನ್ನು ಕೂರಿಸಲು ಬಂದ ಎಂಜಿನಿಯರ್ ಡೇವಿಡ್, “ಸಾರ್, ಇದರ ಡಿಸ್ಕ್ ಎರಡು ಜಿಬಿ, ಎರಡು ಸಾವಿರ ಎಂಬಿ ಅಂತಿಟ್ಕೊಳ್ಳಿ. ಯಾವುದಕ್ಕೆ ಎಷ್ಟು ಜಾಗ ಅಂತ ಯಾರಾದರೂ ಡಿಸೈಡ್ ಮಾಡಬೇಕು” ಎಂದ.

ಸಾಹೇಬರು ನನ್ನ ಕಡೆ ತಿರುಗಿದರು. “ಮುನಿರಾಜು, ಇದರೊಳಗೂ ಜಾಗ ಅಂತೆ. ಜಾಗ ಅಂದ್ರೆ ನಿಂದು.”

ನಾನು ಡಿಸ್ಕಿಗೆ ಇನ್‌ಚಾರ್ಜ್ ಆದದ್ದು ಹೀಗೆ.

ಡೇವಿಡ್ ನನಗೆ ಪಾರ್ಟಿಷನ್ ಎಂದರೇನೆಂದು ಹೇಳಿಕೊಟ್ಟ. ಒಂದೇ ಗೋಡೌನಿಗೆ ಪ್ಲೈವುಡ್ ಹಲಗೆ ಹೊಡೆದು ಕೋಣೆ ಮಾಡಿದ ಹಾಗೆ. ಒಂದು ಕೋಣೆ ತುಂಬಿದರೆ ಪಕ್ಕದ ಕೋಣೆ ಖಾಲಿ ಇದ್ದರೂ ಅದಕ್ಕೆ ಉಪಯೋಗವಿಲ್ಲ. ಹಲಗೆ ಸರಿಸಬೇಕೆಂದರೆ ಒಳಗಿನ ಸಾಮಾನನ್ನೆಲ್ಲ ಹೊರಗಿಟ್ಟು ಮತ್ತೆ ಹೊಡೆಯಬೇಕು. ಇದು ನನಗೆ ಚೆನ್ನಾಗಿ ಹಿಡಿಸಿತು. ಯಂತ್ರ ನಡೆಯುವುದಕ್ಕೆ ಬೇಕಾದ ಯೂನಿಕ್ಸ್‌ಗೆ ಆರುನೂರು ಎಂಬಿ, ದಿನದ ಬಿಲ್ಲಿಂಗಿಗೆ ನಾನೂರೈವತ್ತು ಎಂದು ಡೇವಿಡ್ ಹೇಳಿದ. ಅವೆರಡನ್ನು ನಾನು ಅರ್ಧ ಮಾಡಲು ನೋಡಿದೆ. “ಅರ್ಧ ಮಾಡಿದರೆ ಮೆಷಿನ್ ಆನ್ ಆಗಲ್ಲ ಸಾರ್” ಎಂದ. ಬಿಟ್ಟುಕೊಟ್ಟೆ. ಇನ್ನು ಲೆಕ್ಕ ಹಾಕಬೇಕಿದ್ದದ್ದು ಟೆಸ್ಟ್ ಪಾರ್ಟಿಷನ್ನಿಗೆ.

ಹೊಸದಾಗಿ ಬರೆದ ಪ್ರೋಗ್ರಾಮನ್ನು ನೇರವಾಗಿ ನಿಜವಾದ ಬಿಲ್ಲುಗಳ ಮೇಲೆ ಓಡಿಸುವುದಿಲ್ಲ. ಬ್ರೇಕ್ ಬದಲಾಯಿಸಿದ ಗಾಡಿಯನ್ನು ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ನೋಡುವಂತೆ, ಬಿಲ್ಲುಗಳ ಒಂದು ನಕಲು ಮಾಡಿಕೊಂಡು ಅದರ ಮೇಲೆ ಓಡಿಸುತ್ತಾರೆ. ಆ ಮೈದಾನವೇ ಟೆಸ್ಟ್ ಪಾರ್ಟಿಷನ್. ಅದು ಬೇಕಾಗಿದ್ದದ್ದು ನಮ್ಮ ಪ್ರೋಗ್ರಾಮರ್ ಶಶಿಕಲಾ ಹೂಗಾರ ಅವರಿಗೆ.

ಶಶಿಕಲಾ ಕಲಬುರಗಿ ಕಡೆಯವರು. ಇಪ್ಪತ್ತೈದರ ಒಳಗಿನ ವಯಸ್ಸು, ಆದರೂ ಅಂಗಡಿಗೆಲ್ಲ ಮೇಡಂ. ರಾಮಮೂರ್ತಿ ನಗರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದರು. ನಾನು ಹೊರಮಾವಿನವನು. ಬೆಳಿಗ್ಗೆ ಇಬ್ಬರಿಗೂ ಒಂದೇ ಬಸ್ಸು. ಅವರು ಪ್ರೊಬೇಷನ್ ಮೇಲಿದ್ದರು, ಅಂದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಊರಿನಲ್ಲಿ ತಂಗಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು, ಒಳ್ಳೆಯ ಅಂಕ ಬರುವ ಹುಡುಗಿ. ಅವಳನ್ನು ಕರೆಸಿ ಇಲ್ಲೇ ಪಿಯುಸಿಗೆ ಸೇರಿಸಬೇಕೆಂದು ಇವರ ಆಸೆ. ತಂದೆಯದು ಒಂದೇ ಷರತ್ತು. “ಮೊದಲ ನಿನ್ನ ನೌಕರಿ ಖಾಯಂ ಆಗ್ಲಿ, ಆಮ್ಯಾಲ ಅಕೀನ ಕಳಸ್ತೀನಿ ಅಂದಾರ್ರೀ ಅಪ್ಪಾರು” ಎಂದು ಶಶಿಕಲಾ ಬಸ್ಸಿನಲ್ಲಿ ನನಗೆ ಹೇಳಿದ್ದರು. ಹೊಸ ಪ್ರೋಗ್ರಾಂ ಸಾಹೇಬರ ಎದುರು ಸರಿಯಾಗಿ ಓಡಿದರೆ ಖಾಯಂ ಎಂದು ಸಾಹೇಬರೂ ಮಾತು ಕೊಟ್ಟಿದ್ದರು. ಇದೆಲ್ಲ ನನಗೆ ತಿಳಿದಿತ್ತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಶಶಿಕಲಾ ನನ್ನ ಮೇಜಿನ ಬಳಿ ಬಂದು ನಿಂತು ಕೇಳಿದರು.

“ಅಣ್ಣಾರ, ಟೆಸ್ಟಿಗೆ ಆರುನೂರು ಎಂಬಿ ಬೇಕಾಗ್ತದ್ರೀ.”

“ಡೇಟಾ ಎಷ್ಟಿದೆ ಮೇಡಂ?”

“ಇನ್ನೂರ್ರೀ.”

“ಇನ್ನೂರರ ಸಾಮಾನಿಗೆ ಆರುನೂರರ ಜಾಗವಾ? ಉಳಿದದ್ದರಲ್ಲಿ ಏನು, ಬಾಡಿಗೆಗೆ ಕೊಡ್ತೀರಾ?”

ಅವರು ನಕ್ಕು, ಬೆರಳು ಮಡಚುತ್ತಾ ವಿವರಿಸಿದರು. ಡೇಟಾದ ನಕಲು ಇನ್ನೂರು. ಬೇಕಾದ್ದನ್ನು ಬೇಗ ಹುಡುಕಲು ಇಂಡೆಕ್ಸ್ ಎಂಬುದೊಂದಿದೆ, ಅದಕ್ಕೆ ಎಂಬತ್ತು. ಪ್ರಿಂಟಾಗುವ ಮುಂಚೆ ವರದಿ ಕೂತಿರಲು ನಲವತ್ತು. ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಲಾಗ್ ಫೈಲಿಗೆ ಇಪ್ಪತ್ತು. ವಿಂಗಡಣೆ ಮಾಡುವಾಗ ತಾತ್ಕಾಲಿಕವಾಗಿ ಮತ್ತೆ ಇನ್ನೂರು. ಕೊನೆಗೆ ಅರವತ್ತು ಖಾಲಿ ಇರಬೇಕು, ಪೂರ್ತಿ ತುಂಬಿದ ಡಿಸ್ಕ್ ಕೆಲಸ ಮಾಡುವುದಿಲ್ಲ.

“ವಿಂಗಡಣೆಗೆ ಯಾಕೆ ಅಷ್ಟು?”

“ಈಗ ನೋಡ್ರೀ ಅಣ್ಣಾರ, ನೀವು ಈ ಡಬ್ಬಿ ಎಲ್ಲಾ ಅಕ್ಷರದ ಪ್ರಕಾರ ಜೋಡಸ್ಬೇಕಂದ್ರ ಏನ ಮಾಡ್ತೀರಿ? ರ‍್ಯಾಕಿನಿಂದ ಇಳಿಸಿ ನೆಲದ ಮ್ಯಾಲ ಹರವಂಗಿಲ್ಲೇನ್ರೀ? ಹರವಾಕ ಅಷ್ಟ ಜಾಗ ಬೇಕಲ್ರೀ?”

ಪ್ರತಿ ವರ್ಷ ದಾಸ್ತಾನು ಎಣಿಸುವಾಗ ಡಬ್ಬಿಗಳನ್ನು ನೆಲದ ಮೇಲೆ, ಮೆಟ್ಟಿಲ ಮೇಲೆ, ಕೊನೆಗೆ ಫುಟ್‌ಪಾತಿನ ಮೇಲೂ ಹರಡಿ ಪೊಲೀಸರಿಂದ ಬೈಸಿಕೊಳ್ಳುತ್ತಿದ್ದವನು ನಾನು. ಅವರ ಮಾತು ನನಗಿಂತ ಚೆನ್ನಾಗಿ ಇನ್ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಕೊಂಡೆ, ತಲೆಯಾಡಿಸಿದೆ, ಡೇವಿಡ್‌ಗೆ ಮುನ್ನೂರು ಎಂದು ಹೇಳಿದೆ.

ನನಗೆ ಅದು ತಪ್ಪೆಂದು ಅನ್ನಿಸಲೇ ಇಲ್ಲ. ಆರುನೂರು ಕೇಳಿದರು, ಅಂದರೆ ಮುನ್ನೂರು ಬೇಕು. ಮೇಡಂ ಕೂಡ ಬೇಗ ನಮ್ಮ ಪದ್ಧತಿ ಕಲಿತರು ಎಂದು ಒಳಗೊಳಗೇ ಮೆಚ್ಚಿಕೊಂಡೆ. ಉಳಿದ ಆರುನೂರ ಐವತ್ತನ್ನು ಯಾರಿಗೂ ಕೊಡದೆ ರಿಸರ್ವ್ ಎಂದು ಇಟ್ಟುಕೊಂಡೆ. ಮರುದಿನ ಶಶಿಕಲಾ ಬಂದು, “ಅಣ್ಣಾರ, ಮುನ್ನೂರ ಅದಲ್ರೀ?” ಎಂದಾಗ, ಸ್ಟೋರ್ಸ್‌ನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು ತಾನಾಗಿ ಬಾಯಿಗೆ ಬಂತು. “ಸ್ಟಾಕ್ ಇಲ್ಲ ಮೇಡಂ. ಇದರಲ್ಲೇ ಅಡ್ಜಸ್ಟ್ ಮಾಡಿ.”

ಅವರು ಸೆಲ್ವಂನಂತೆ ಕೂಗಾಡಲಿಲ್ಲ. ನಂಬಿ ಹೋದರು.

ಮುನ್ನೂರರಲ್ಲಿ ನಕಲೂ ಇಂಡೆಕ್ಸೂ ಸೇರಿಯೇ ಇನ್ನೂರ ಎಂಬತ್ತು. ಉಳಿದ ಇಪ್ಪತ್ತರಲ್ಲಿ ಶಶಿಕಲಾ ಸಂಸಾರ ಮಾಡಿದರು. ಒಂದೊಂದೇ ತಿಂಗಳ ವರದಿ ತೆಗೆದು, ಪ್ರಿಂಟ್ ಮಾಡಿ, ಅಳಿಸಿ, ಮುಂದಿನ ತಿಂಗಳಿಗೆ ಹೋಗುವುದು. ಸಾಹೇಬರ ಎದುರೂ ಒಂದೇ ತಿಂಗಳದ್ದು ತೋರಿಸುವುದೆಂದು ತೀರ್ಮಾನಿಸಿದ್ದರು. ಅದೂ ನಡೆದುಹೋಗುತ್ತಿತ್ತೇನೋ. ಆದರೆ ತೋರಿಸುವ ದಿನ ಸಾಹೇಬರ ಅಣ್ಣ, ಅಂಗಡಿಯ ಪಾಲುದಾರರು, ವೆಲ್ಲೂರಿನಿಂದ ಬಂದಿದ್ದರು. ಅವರಿಗೆ ಕಂಪ್ಯೂಟರ್ ಎಂದರೆ ಆಗದು.

“ಒಂದು ತಿಂಗಳಂತೆ! ವರ್ಷ ಪೂರ್ತಿ ತೋರಿಸಿ” ಎಂದರು ದೊಡ್ಡ ಸಾಹೇಬರು.

“ಪೂರ್ತಿ ವರ್ಷದ್ದಕ್ಕ ಜಾಗ ಸಾಲಂಗಿಲ್ರೀ ಸರ್” ಎಂದರು ಶಶಿಕಲಾ.

“ಸುನಾ ಗಫಾರ್, ಕೇಳಿಸ್ತಾ? ಜಾಗ ಇಲ್ಲದ ಕಂಪ್ಯೂಟರ್ ತಗೊಂಡಿದ್ದೀಯ!”

ಗಫಾರ್ ಸಾಹೇಬರಿಗೆ ಅವಮಾನವಾಯಿತು. “ಓಡಿಸಮ್ಮಾ, ನೋಡೋಣ” ಎಂದರು. ಓಡಿಸಿದರು. ಪ್ರೋಗ್ರಾಂ ಅಕ್ಷರ ಅಕ್ಷರವಾಗಿ ಬಿಡಿಭಾಗಗಳನ್ನು ವಿಂಗಡಿಸಿ ಬರೆಯುತ್ತಿತ್ತು. ಪ್ರಿಂಟರ್ ಕರಕರ ಎನ್ನುತ್ತಾ ಹಾಳೆ ಹೊರಗೆ ತಳ್ಳಿತು. ಎ ಮುಗಿಯಿತು, ಬಿ ಬಂತು, ಸಾಹೇಬರ ಮುಖ ಅರಳಿತು. ಎಚ್‌ನಲ್ಲಿ ಹಾರ್ನ್ ಬಂದದ್ದೇ ಕಡೆ, ಪ್ರಿಂಟರ್ ನಿಂತಿತು. ಡಿಸ್ಕ್ ತುಂಬಿತ್ತು.

ದೊಡ್ಡ ಸಾಹೇಬರು ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಅವರ ಮೊಣಕೈ ಒಂದು ಪಿಸ್ಟನ್ ಡಬ್ಬಿಗಳ ಅಟ್ಟಿಯ ಮೇಲಿತ್ತು.

“ಗಫಾರ್, ಅಪ್ನೆ ಪಾಸ್ ಪಿಸ್ಟನ್ ನೈ ಕ್ಯಾ?” ನಮ್ಮಲ್ಲಿ ಪಿಸ್ಟನ್ ಇಲ್ಲವೇ ಎಂದು ಕೇಳಿದರು.

“ಹೈ ಭಾಯಿ.”

“ಇದರಲ್ಲಿ ಇಲ್ಲ. ರೇಡಿಯೇಟರ್ ಇಲ್ಲ. ವೈಪರ್ ಇಲ್ಲ. ಎಂಟು ಅಕ್ಷರ ಕಲಿತ ಕಂಪ್ಯೂಟರ್. ನಮ್ಮ ಮೊಮ್ಮಗ ಯುಕೆಜಿ, ಇಪ್ಪತ್ತಾರೂ ಹೇಳ್ತಾನೆ.”

ಸಾಹೇಬರು ನಮ್ಮ ಕಡೆ ತಿರುಗಿದರು. “ಇದಕ್ಕೆ ಇಷ್ಟೇ ಜಾಗ ಸಾಕು ಅಂತ ಹೇಳಿದ್ದು ಯಾರು?”

ಆ ಕ್ಷಣದಲ್ಲಿ ನಾನು ನಿಜ ಹೇಳಬಹುದಿತ್ತು. ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಆದರೆ ದೊಡ್ಡ ಸಾಹೇಬರ ಎದುರು ಇಪ್ಪತ್ತು ವರ್ಷದ ಹೆಸರು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. “ಮೇಡಂ ಕೇಳಿದಷ್ಟೇ ಕೊಟ್ಟಿದ್ದೀನಿ ಸಾಹೇಬ್ರೇ” ಎಂದೆ.

ಶಶಿಕಲಾ ನನ್ನನ್ನು ನೋಡಿದರು. “ನಾನು ಆರುನೂರ ಕೇಳಿದ್ದೆ ಸರ್” ಎಂದರು.

“ಮುನಿರಾಜು ಸುಳ್ಳು ಹೇಳೋ ಮನುಷ್ಯ ಅಲ್ಲಮ್ಮಾ” ಎಂದರು ಸಾಹೇಬರು.

ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದೆ ಹೋಯಿತು. ಅದು ಮೇ ತಿಂಗಳ ಕೊನೆ. ಊರಿನಲ್ಲಿದ್ದ ತಂದೆ ಮಾತಿಗೆ ತಪ್ಪಲಿಲ್ಲ, ಮಗಳನ್ನು ಕಳಿಸಲಿಲ್ಲ. ಅವರ ಹಳ್ಳಿಯ ಹತ್ತಿರ ಕಾಲೇಜಿರಲಿಲ್ಲ. ಜುಲೈ ಹೊತ್ತಿಗೆ ಇಲ್ಲಿ ಪಿಯುಸಿ ಅಡ್ಮಿಷನ್ ಮುಗಿದುಹೋಯಿತು. ಹುಡುಗಿ ಮನೆಯಲ್ಲಿ ಕೂತಳು.

ಇಷ್ಟಾದ ಮೇಲೆ ನನಗೆ ಬೆಳಗಿನ ಬಸ್ಸು ಹತ್ತಲು ಕಾಲು ಬರಲಿಲ್ಲ. ಶಶಿಕಲಾ ಹತ್ತುವ ಬಸ್ಸು ಬಿಟ್ಟು, ಇಂದಿರಾನಗರದ ಕಡೆ ಹೋಗುವ ಬಸ್ಸು ಹಿಡಿದು, ಹಲಸೂರಿನಲ್ಲಿ ಇಳಿದು, ಕೆರೆ ಸುತ್ತಿ ಶಿವಾಜಿನಗರಕ್ಕೆ ನಡೆದು ಹೋಗತೊಡಗಿದೆ. ಎರಡು ತಿಂಗಳಲ್ಲಿ ಹೊಟ್ಟೆ ಕರಗಿತು. “ಏನ್ ಮುನಿರಾಜಣ್ಣ, ಶುಗರ್ರಾ?” ಎಂದು ಸೆಲ್ವಂ ಕೇಳಿದ. ಹೌದು ಎಂದೆ. ಅಂದಿನಿಂದ ಅಂಗಡಿಯಲ್ಲಿ ನನಗೆ ಸಕ್ಕರೆ ಇಲ್ಲದ ಟೀ. ಅದನ್ನೂ ಕುಡಿದೆ.

ಒಂದು ದಿನ ಡೇವಿಡ್ ಪ್ರಿಂಟರ್ ರಿಪೇರಿಗೆ ಬಂದವನು ಶಶಿಕಲಾ ಕೇಳಿದ್ದಕ್ಕೆ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನು ಪರದೆಯ ಮೇಲೆ ತೆರೆದ. ಅವರು ನೋಡಿ ನೇರ ನನ್ನ ಮೇಜಿಗೆ ಬಂದರು. ಸೆಲ್ವಂ ತನ್ನ ಬ್ರೇಕ್ ಶೂಗಾಗಿ ಅಲ್ಲೇ ನಿಂತಿದ್ದ.

“ಅಣ್ಣಾರ, ಆರುನೂರ ಐವತ್ತು ಖಾಲಿ ಬಿದ್ದದಲ್ರೀ. ಯಾರಿಗಂತ ಇಟ್ಟೀರಿ?”

“ಅದು ರಿಸರ್ವ್ ಮೇಡಂ.”

“ಸ್ಟಾಕ್ ಇಲ್ಲ ಅಂದಿದ್ರಲ್ರೀ.”

ನಾನು ಸೆಲ್ವಂನ ಬ್ರೇಕ್ ಶೂ ಎಣಿಸತೊಡಗಿದೆ. ಅವನಿಗೆ ಮಾತ್ರ ಮೇಡಂ ಮೇಲೆ ಕನಿಕರ ಬಂತು. “ಮೇಡಂ, ನಿಮಗೆ ಇಲ್ಲಿ ಯಾರೂ ಹೇಳ್ಲಿಲ್ವಾ? ಹತ್ತು ಬೇಕಂದ್ರೆ ಇಪ್ಪತ್ತು ಅನ್ಬೇಕು. ಅಣ್ಣ ಹತ್ತು ಕೊಡ್ತಾರೆ. ಆಮೇಲೆ ಸ್ವಲ್ಪ ಕೂಗ್ಬೇಕು.”

“ನಮ್ಮ ಕಡೆ ಆರುನೂರ ಬೇಕಂದ್ರ ಆರುನೂರ ಬೇಕು ಅಂತೀವ್ರಿ.”

“ಅದಕ್ಕೇ ನಿಮ್ ಪಿಸ್ಟನ್ ಕಾಣೆ ಆಗಿದ್ದು ಮೇಡಂ!”

ಶಶಿಕಲಾ ಬಾಗಿಲ ಕಡೆ ತಿರುಗಿದರು. ಸಾಹೇಬರ ಕೋಣೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. “ಹಂಗಾರ ಆರುನೂರ ಐವತ್ತು ಬೇಕ್ರೀ ನನಗ” ಎಂದರು.

ಅವರಿಗೆ ಬೇಕಾಗಿದ್ದದ್ದು ಇನ್ನು ಮುನ್ನೂರು. ಅದರ ಎರಡರಷ್ಟಕ್ಕೂ ಐವತ್ತು ಮೇಲಿಟ್ಟು ಕೇಳಿದರು, ಪದ್ಧತಿಯಂತೆ. ಕಲಿತ ಮೊದಲ ದಿನವೇ ತಪ್ಪಿಲ್ಲದೆ ಪ್ರಯೋಗಿಸಿದರು. ಆದರೆ ನಾನು ಅಷ್ಟು ಹೊತ್ತಿಗೆ ಪಶ್ಚಾತ್ತಾಪದಲ್ಲಿ ಮುಳುಗಿದ್ದೆ. ಈ ಹೆಣ್ಣುಮಗಳು ಕೇಳಿದ್ದರಲ್ಲಿ ಒಂದು ಎಂಬಿಯೂ ಕಡಿಮೆ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ್ದೆ. “ತಗೊಳ್ಳಿ ಮೇಡಂ, ಅಷ್ಟೂ ತಗೊಳ್ಳಿ” ಎಂದೆ.

“ಪೂರ್ತೀನ?”

“ಪೂರ್ತಿ.”

ಸೆಲ್ವಂನ ಕೈಯಿಂದ ಒಂದು ಬ್ರೇಕ್ ಶೂ ಕೆಳಗೆ ಬಿತ್ತು. ಆ ದಿನವೇ ಡೇವಿಡ್ ಖಾಲಿ ಜಾಗವನ್ನೆಲ್ಲ ಟೆಸ್ಟಿಗೆ ಸೇರಿಸಿಕೊಟ್ಟ. ನನ್ನ ಪಾಪ ಕಳೆಯಿತೆಂದು ಸಂಜೆ ಸಕ್ಕರೆ ಹಾಕಿದ ಟೀ ಕುಡಿದೆ.

ಆಯುಧಪೂಜೆಯ ಮುಂಚಿನ ವಾರ ನಮ್ಮ ವ್ಯಾಪಾರದ ಸುಗ್ಗಿ. ಊರಿನ ಆಟೋ, ಲಾರಿ, ಟೆಂಪೋಗಳೆಲ್ಲ ಆಗಲೇ ರಿಪೇರಿಗೆ ಬರುವುದು. ಕೌಂಟರಿನಲ್ಲಿ ಮೆಕ್ಯಾನಿಕ್‌ಗಳು ಒಬ್ಬರ ಮೇಲೊಬ್ಬರು ನಿಂತಿದ್ದರು. ಹನ್ನೊಂದು ಗಂಟೆಯ ಸುಮಾರಿಗೆ ಒಂದು ಬಿಲ್ಲು ಅರ್ಧ ಪ್ರಿಂಟಾಗಿ ನಿಂತಿತು. ಬಿಲ್ಲಿಂಗಿನ ಪಾರ್ಟಿಷನ್ ತುಂಬಿಹೋಗಿತ್ತು. ಇಂಥ ಸಮಯಕ್ಕೆಂದೇ ರಿಸರ್ವ್ ಇರಬೇಕಾದದ್ದು. ರಿಸರ್ವ್ ಇರಲಿಲ್ಲ.

“ಬಾಬಾ, ಬಿಲ್ ಕೊಡ್ರಪ್ಪಾ, ಗಾಡಿ ಜಾಕಿ ಮೇಲಿದೆ!” ಎಂದು ಒಬ್ಬ ಕೂಗಿದ. “ಕೈಯಲ್ಲೇ ಬರೆದುಕೊಡಿ ಗುರು!” ಎಂದು ಇನ್ನೊಬ್ಬ. ಕೈ ಬಿಲ್ಲಿನ ಪುಸ್ತಕಗಳನ್ನು ಇನ್ನು ಬೇಡವೆಂದು ರದ್ದಿಗೆ ಹಾಕಿದವನೂ ನಾನೇ.

ಡೇವಿಡ್ ಸ್ಕೂಟರಿನಲ್ಲಿ ಓಡಿ ಬಂದ. ನೋಡಿ, ತಲೆ ಕೆರೆದುಕೊಂಡು, ಎಲ್ಲರ ಎದುರೇ ಹೇಳಿದ. “ಟೆಸ್ಟ್‌ನಲ್ಲಿ ಮುನ್ನೂರರ ಮೇಲೆ ಖಾಲಿ ಬಿದ್ದಿದೆ ಸಾರ್.” ಪರೀಕ್ಷೆಯ ಪಿಸ್ಟನ್‌ಗಳಿಗೆ ಹೊರಳಾಡುವಷ್ಟು ಜಾಗವಿತ್ತು. ನಿಜವಾದ ಪಿಸ್ಟನ್‌ಗೆ ಬಿಲ್ ಹಾಕಲು ಇರಲಿಲ್ಲ.

“ಇಷ್ಟು ಜಾಗ ಕೇಳಿದ್ದು ಯಾರು?” ಸಾಹೇಬರ ಧ್ವನಿ ಕೌಂಟರಿನಾಚೆಗೂ ಕೇಳಿಸಿತು.

“ನಾನೇ ಸರ್” ಎಂದರು ಶಶಿಕಲಾ. “ಬೇಕಾದ್ದಕ್ಕಿಂತ ಎರಡು ಪಟ್ಟು ಕೇಳೀನ್ರೀ.”

“ಮೊದಲು ಕಮ್ಮಿ ಕೇಳಿದೆ. ಈಗ ಜಾಸ್ತಿ ಕೇಳಿದೆ. ಲೆಕ್ಕ ಬಾರದವರು ನಮಗೆ ಯಾಕಮ್ಮಾ? ನಾಳೆಯಿಂದ ಬರಬೇಡ.”

ಅವರು ಬ್ಯಾಗ್ ತೆಗೆದುಕೊಳ್ಳಲು ಒಳಗೆ ಹೊರಟರು. ಆಗ ನಾನು ಮಾತನಾಡಿದೆ. ಆರುನೂರು ಕೇಳಿದ್ದು ನಿಜ, ಮುನ್ನೂರು ಕೊಟ್ಟದ್ದು ನಾನು, ಸ್ಟಾಕ್ ಇಲ್ಲ ಎಂದದ್ದು ಸುಳ್ಳು, ನಿಮ್ಮಣ್ಣನ ಎದುರು ಹೇಳಿದ್ದೂ ಸುಳ್ಳು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಜಾಕಿ ಮೇಲೆ ಗಾಡಿ ಬಿಟ್ಟು ಬಂದವನೂ ಕೌಂಟರಿಗೆ ಒರಗಿ ಕೇಳಿದ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅರೆ ಮುನಿರಾಜು, ಅಂಗಡಿ ನಂದು. ನಾನೂ ಹತ್ತು ವರ್ಷದಿಂದ ನಿನ್ನ ಹತ್ರ ಡಬಲ್ ಕೇಳ್ತಿದ್ದೀನಿ. ಈ ಹುಡುಗಿಗೆ ಒಂದು ಮಾತು ಯಾರಾದ್ರೂ ಹೇಳಬಾರದಿತ್ತಾ?”

ಡಿಸ್ಕಿನ ಜಾಗ ಹಂಚುವ ಕೆಲಸವನ್ನು ನನ್ನಿಂದ ತೆಗೆದು ಶಶಿಕಲಾಗೆ ಕೊಟ್ಟರು. ಮುಂದಿನ ತಿಂಗಳಿಂದ ಅವರು ಖಾಯಂ. ಡೇವಿಡ್ ಟೆಸ್ಟಿಗೆ ಆರುನೂರೇ ಇಟ್ಟು, ಉಳಿದದ್ದನ್ನು ಬಿಲ್ಲಿಂಗಿಗೆ ಬಿಟ್ಟ. ಮಧ್ಯಾಹ್ನದ ನಂತರ ಬಿಲ್ಲುಗಳು ಹೊರಬಂದವು.

ಮರುದಿನ ಹಳೆಯ ಬಸ್ಸನ್ನೇ ಹತ್ತಿ, ಶಶಿಕಲಾ ಅವರಲ್ಲಿ ಕ್ಷಮೆ ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. “ನನಗ್ಯಾಕ ಹೇಳ್ತೀರಿ ಅಣ್ಣಾರ? ನನ್ನ ನೌಕರಿ ನನಗ ಬಂತು. ವರ್ಷ ಹೋದದ್ದು ತಂಗೀದು. ಅಕಿ ಬಂದಾಗ ಅಕಿಗೆ ಹೇಳ್ರಿ.”

“ಖಂಡಿತ ಹೇಳ್ತೀನಿ” ಎಂದೆ.

ಮುಂದಿನ ಜೂನ್‌ನಲ್ಲಿ ಅವಳು ಬಂದಳು. ಒಂದು ವರ್ಷ ಕಿರಿಯರ ಜೊತೆ ಕ್ಲಾಸಿನಲ್ಲಿ ಕೂತಳು. ಅಕ್ಕನ ಜೊತೆ ಅದೇ ಬಸ್ಸಿಗೆ ಬರುತ್ತಿದ್ದಳು. ಮೊದಲ ದಿನವೇ ಎದ್ದು ನನಗೆ ಸೀಟು ಬಿಟ್ಟುಕೊಟ್ಟು, “ಕೂಡ್ರಿ ಅಂಕಲ್. ಅಕ್ಕನ ನೌಕರಿ ಉಳಿಸಿದವರು ನೀವಂತಲ್ರೀ” ಎಂದಳು. ಅಕ್ಕ ಅಷ್ಟನ್ನು ಮಾತ್ರ ಹೇಳಿದ್ದರು. ಉಳಿದರ್ಧವನ್ನು ನನಗೆ ಬಿಟ್ಟಿದ್ದರು. ನಾನು ಆ ಸೀಟಿನಲ್ಲಿ ಕೂತೆ. ನಾಳೆ ಹೇಳೋಣ ಎಂದುಕೊಂಡೆ. ಅವಳ ಪಿಯುಸಿ ಮುಗಿಯುವ ತನಕ ಹಾಗೆಯೇ ಅಂದುಕೊಂಡೆ. ಆಮೇಲೆ ಅವರು ಮಹದೇವಪುರದ ಕಡೆ ಮನೆ ಮಾಡಿದರು. ಬಸ್ಸು ಬೇರೆಯಾಯಿತು.

ಸ್ಟೋರ್ಸ್ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೇಳಿದ್ದರಲ್ಲಿ ಅರ್ಧ ಕೊಡುವವನು ಏನನ್ನೂ ಉಳಿಸುವುದಿಲ್ಲ, ಸುತ್ತಲಿನವರಿಗೆ ಸುಳ್ಳು ಹೇಳುವುದನ್ನು ಕಲಿಸುತ್ತಾನೆ. ಅದನ್ನು ಕಲಿಯದೆ ಬಂದವರ ಪಾಲಿನದು ಮಾತ್ರ ಕಡಿಮೆ ಬೀಳುತ್ತದೆ. ಎಷ್ಟು ಬೇಕು ಎಂದು ಯಾರಾದರೂ ಹೇಳಿದಾಗ, ಯಾಕೆ ಬೇಕು ಎಂದು ಕೇಳಿ, ಉತ್ತರ ಸರಿಯಿದ್ದರೆ ನಂಬಬೇಕು. ಶಶಿಕಲಾ ನನಗೆ ಬೆರಳು ಮಡಚಿ ಲೆಕ್ಕ ಕೊಟ್ಟಿದ್ದರು, ನಾನು ಕೇಳಿಸಿಕೊಂಡೂ ಇದ್ದೆ.

ಸಾಹೇಬರಲ್ಲಿ ತಪ್ಪೊಪ್ಪಿಕೊಂಡೆ, ಶಶಿಕಲಾ ಅವರಲ್ಲಿ ಕ್ಷಮೆ ಕೇಳಿದೆ, ಈರುಳ್ಳಿಯ ವಿಷಯದಲ್ಲಿ ಹೆಂಡತಿಯಲ್ಲೂ ಕೇಳಿದೆ. ನಿಂತು ಸೀಟು ಕೊಟ್ಟವಳಲ್ಲಿ ಮಾತ್ರ ಕೇಳಲಿಲ್ಲ. ಆ ಹುಡುಗಿಯ ಹೆಸರು ಅನ್ನಪೂರ್ಣ ಹೂಗಾರ.